ನೆನಪಿನ ಹಾಡು ಯಾರ ಸೊತ್ತು?

ಚಂದ್ರಶೇಖರ ಕಂಬಾರರು ತಮ್ಮ ಹಾಡುಗಳನ್ನು ತಾವೇ ಹಾಡಿದ ಧ್ವನಿಮುದ್ರಣ ಕೇಳಿ ನಮ್ಮ ಗೆಳೆಯರಲ್ಲೇ ಕೆಲವರು ಮೂಗು ಮುರಿಯುತ್ತಾರೆ. ಹಳೆಯ ಊರಿನ ಹಳಹಳಿಕೆ, ಹುಡುಗಾಟದ ಮಾತು, ಲಾವಣಿಯ ಮಟ್ಟು. ಇದರಿಂದ ಗಿರಣಿ ಕಾಮಗಾರನ ಹೊಟ್ಟೆ ತುಂಬುವುದೆ, ಕಿರಾಣಿ ಅಂಗಡಿಯವನ ಸಾಲ ತೀರುವುದೆ ಎಂದು ಅವರು ಕೇಳುತ್ತಾರೆ. ತುಂಬುವುದಿಲ್ಲ, ನಿಜ. ಘೋಷಣೆಯಿಂದಲೂ ತುಂಬುವುದಿಲ್ಲ. ಎರಡು ಪಾಳಿಯ ನಡುವೆ ಮನುಷ್ಯನೊಬ್ಬ ನಕ್ಕರೆ ಅದು ವರ್ಗದ್ರೋಹವೆಂದು ಯಾವ ಗ್ರಂಥದಲ್ಲಿ ಬರೆದಿದೆ?

ಈ ಮಟ್ಟುಗಳು ಎಲ್ಲಿ ಹುಟ್ಟಿದವು ಎಂಬುದನ್ನಾದರೂ ನಮ್ಮ ಪಂಡಿತರು ವಿಚಾರಿಸಬೇಕಿತ್ತು. ಕಣದಲ್ಲಿ ರಾತ್ರಿಯಿಡೀ ಎತ್ತುಗಳನ್ನು ತಿರುಗಿಸುತ್ತ ಹಾಡಿದ್ದು ಹಂತಿಯ ಪದ. ನಸುಕಿನಲ್ಲಿ ಜೋಳ ಬೀಸುತ್ತ ಹಾಡಿದ್ದು ಬೀಸುವ ಕಲ್ಲಿನ ಪದ. ತೂಕಡಿಕೆ ಹೋಗಬೇಕಾದರೆ ಚೇಷ್ಟೆ ಬೇಕಾಗಿತ್ತು, ಆದ್ದರಿಂದ ಹಾಡಿನಲ್ಲಿ ಚೇಷ್ಟೆ ಬಂತು. ದುಡಿಮೆಯ ಹಾಡು ಬೇಕೆಂದು ಕೂಗುವವರು ಕೈಯಲ್ಲಿರುವ ದುಡಿಮೆಯ ಹಾಡನ್ನೇ ಹುಡುಗಾಟವೆಂದು ತಳ್ಳುತ್ತಿದ್ದಾರೆ.

ಹಾಡುವವರಾದರೂ ಯಾರು? 1937ರಲ್ಲಿ ಇದೇ ಬೆಳಗಾವಿ ಜಿಲ್ಲೆಯ ಘೋಡಗೇರಿಯಲ್ಲಿ, ಕಮ್ಮಾರರ ಮನೆಯಲ್ಲಿ ಹುಟ್ಟಿದವರು. ಬಡತನದಲ್ಲಿ ಓದಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾದರು. 2010ರ ಸಾಲಿನ ಜ್ಞಾನಪೀಠ ಪಡೆದರು. ದೊಡ್ಡ ಕುರ್ಚಿ ಸಿಕ್ಕವರು ಊರ ಮಾತನ್ನು ತೊಳೆದು ಇಸ್ತ್ರಿ ಮಾಡುವುದುಂಟು. ಇವರು ಮಾಡಲಿಲ್ಲ. ಇವರ ‘ಕಾಡು ಕುದುರೆ’ ಚಿತ್ರದ ಹಾಡಿಗೆ ಶಿವಮೊಗ್ಗ ಸುಬ್ಬಣ್ಣನವರು 1978ರ ಸಾಲಿನ ರಾಷ್ಟ್ರಪ್ರಶಸ್ತಿ ಪಡೆದರು. ಸುಬ್ಬಣ್ಣನವರ ಕಂಠ ದೊಡ್ಡದು, ಒಪ್ಪಿದೆವು. ಆದರೂ ಕವಿಯೇ ಹಾಡಿದಾಗ ಗವಾಯಿಯ ಬದಲು ಕಟ್ಟೆಯ ಮೇಲೆ ಕೂತ ನೆರೆಯವನೊಬ್ಬ ಕತೆ ಹೇಳಿದಂತಾಗುತ್ತದೆ.

ಇನ್ನು ಹಳಹಳಿಕೆಯ ಮಾತು. ಸವದತ್ತಿ ಸೀಮೆಯ ಚಚಡಿಗೆ ಹೋಗಿ ನೋಡಿರಿ, ದೇಸಾಯರ ವಾಡೆಯಿದೆ. ಇಂಥ ಊರುಗಳಲ್ಲಿ ವಾಡೆಯ ಮಾಳಿಗೆಯಿಂದ ನೆನಪಾಗುವ ಹಳ್ಳಿ ಒಂದು. ಬೆಳೆದದ್ದನ್ನು ಅಳೆದುಕೊಟ್ಟು ಬರಿಗೈಯಲ್ಲಿ ಮನೆಗೆ ಬಂದವನ ಮೊಮ್ಮಗನಿಗೆ ನೆನಪಾಗುವ ಹಳ್ಳಿ ಇನ್ನೊಂದು. ಕಂಬಾರರ ಶಿವಾಪುರ ಯಾವುದು? 1972ರ ‘ಜೋಕುಮಾರಸ್ವಾಮಿ’ ನಾಟಕವನ್ನು ನೆನೆಯಿರಿ. ಭಾದ್ರಪದದಲ್ಲಿ ಹೆಂಗಸರು ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ತರುವ ಜೋಕುಮಾರನ ಪೋಲಿ ಪದಗಳ ನಡುವೆಯೇ ಅಲ್ಲಿ ಗೌಡನಿಗೆ ಎದುರು ನಿಂತು ಉಳುಮೆಯ ಹಕ್ಕು ಕೇಳುವ ಬಸಣ್ಣನಿದ್ದಾನೆ, ಕೊಲೆಯಾಗುತ್ತಾನೆ. ಮಾವೋನ ಮೇಲೂ ಇವರು ನಮ್ಮ ಜಾನಪದ ಮಟ್ಟಿನಲ್ಲೇ ಹಾಡು ಕಟ್ಟಿದರು. ಮಾವೋನ ರಾಜಕಾರಣದ ಬಗ್ಗೆ ನಮಗೆ ತಕರಾರುಗಳುಂಟು, ಅದು ಬೇರೆ ಮಾತು; ಆದರೆ ನೆನಪಿನ ಹಾಡಿನಲ್ಲಿ ಚೀನದ ರೈತನಿಗೂ ಜಾಗವಾಯಿತಲ್ಲ! ದೋಷವೇ ಇಲ್ಲವೆಂದಲ್ಲ. ಹೆಣ್ಣಿನ ಬಣ್ಣನೆ ಕೆಲವೆಡೆ ಅತಿಯಾಯಿತೆಂದು ನಮಗೂ ಅನ್ನಿಸಿದೆ.

ನಿಜವಾಗಿ ಸಿಟ್ಟು ಬರಬೇಕಾದದ್ದು ಬೇರೆಯವರ ಮೇಲೆ. 1974ರ ತಿದ್ದುಪಡಿಯು ಉಳುವವನನ್ನು ಹೊಲದೊಡೆಯನನ್ನಾಗಿ ಮಾಡಹೊರಟಿತು. 2020ರ ತಿದ್ದುಪಡಿಯು ಒಕ್ಕಲುತನ ಮಾಡದವರೂ ಹೊಲ ಕೊಳ್ಳಲು ಬಾಗಿಲು ತೆರೆಯಿತು. ನಗರದ ಹಣವಂತನು ಹೊಲ ಕೊಂಡು ತಂತಿಬೇಲಿ ಹಾಕಿ, ತೋಟದ ಮನೆ ಕಟ್ಟಿ, ಸಂಜೆ ಜೋಕಾಲಿಯಲ್ಲಿ ಕೂತು ಇದೇ ಹಾಡುಗಳನ್ನು ಹಚ್ಚುತ್ತಾನೆ. ಹಳ್ಳಿಯ ನೆನಪಿಗೆ ಅವನ ಕಣ್ಣು ಒದ್ದೆಯಾಗುತ್ತದೆ. ಹೊಲ ಮಾರಿದವನು ಅವನ ಗೇಟಿನಲ್ಲೇ ಕಾವಲುಗಾರ. ಹಾಡಿನಲ್ಲಿ ಬಾವಿ, ಬೆಳುದಿಂಗಳು ಇವನಿಗೆ ಕೇಳಿಸುತ್ತವೆ, ಬಸಣ್ಣ ಮಾತ್ರ ಕೇಳಿಸುವುದಿಲ್ಲ. ನಮ್ಮ ಗೆಳೆಯರು ಹಾಡನ್ನು ಕೈಬಿಟ್ಟರೆ ಅದು ಹೋಗಿ ಸೇರುವುದು ಈ ಜೋಕಾಲಿಗೆ.

ಹೊಲ ಹೋಯಿತು, ಹಾಡನ್ನೂ ಕೊಟ್ಟುಬಿಡೋಣವೆ? ಮುಂದಿನ ಮೇ ದಿನದ ಸಭೆಯಲ್ಲಿ ಮೊದಲು ಒಂದು ತಾಸು ಹಾಡುಗಳಿರಲಿ ಎಂದು ನಮ್ಮ ಸೂಚನೆ. ಪೋಲಿ ಪದವೂ ಇರಲಿ. ಅದಕ್ಕಾಗಿ ಭಾಷಣಗಳು ಒಂದು ತಾಸು ಕಡಿಮೆಯಾದರೆ ಕೇಳುವವರಲ್ಲಿ ಯಾರೂ ಅಳುವುದಿಲ್ಲ.