ಸಹಿಯ ಬೆನ್ನಿಗೆ ನಿಲ್ಲಬೇಕಾದ ಸಂಘ

ಮಗನೋ ಮಗಳೋ ಚಾರ್ಟರ್ಡ್ ಅಕೌಂಟೆಂಟ್ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಮುಂಬಯಿ, ಪುಣೆಗಳ ಜೈನ ಮನೆಗಳಲ್ಲಿ ಸಂಭ್ರಮವೋ ಸಂಭ್ರಮ. ಆದರೆ ಆ ಪದವಿಯನ್ನಿತ್ತ ವೃತ್ತಿಸಂಸ್ಥೆಗೆ ವಾರ್ಷಿಕ ಶುಲ್ಕ ಕಟ್ಟಿದರೆ ಹೊಣೆ ತೀರಿತೆಂದು ಭಾವಿಸುವವರೇ ಹೆಚ್ಚು.

1949ರ ಕಾಯಿದೆಯಿಂದ ಜನ್ಮತಾಳಿದ ಈ ಸಂಸ್ಥೆ ಪರೀಕ್ಷೆಯನ್ನು ನಡೆಸುವುದಷ್ಟೇ ಅಲ್ಲ, ಸದಸ್ಯರ ನಡತೆಗೂ ಎಲ್ಲೆ ಹಾಕುತ್ತದೆ. ಹಿಂದಿನ ಲೆಕ್ಕಪರಿಶೋಧಕರಿಗೆ ಲಿಖಿತವಾಗಿ ತಿಳಿಸದೆ ಅವರ ಸ್ಥಾನವನ್ನು ಒಪ್ಪಿಕೊಳ್ಳುವುದು ಅದರ ದೃಷ್ಟಿಯಲ್ಲಿ ವೃತ್ತಿದೋಷ. ಇದು ಬರಿಯ ಸೌಜನ್ಯವಲ್ಲ. ಸುಳ್ಳು ಲೆಕ್ಕಕ್ಕೆ ಸಹಿ ಹಾಕಲೊಪ್ಪದೆ ಕೆಲಸ ಕಳೆದುಕೊಂಡವನು, ನಡೆದ ಸಂಗತಿಯನ್ನು ಮುಂದೆ ಬರುವವನಿಗೆ ತಿಳಿಸಲು ಇರುವ ದಾರಿ. ಧನಿಕ ಕಕ್ಷಿದಾರನ ಎದುರು ಒಂಟಿಯಾಗಿ ಕುಳಿತ ತರುಣನು ‘ಆಗದು’ ಎನ್ನಲು ಇಂಥ ನಿಯಮವೇ ಆಸರೆ.

ಸಂಘವು ಸದಸ್ಯರ ಹಿತವನ್ನಷ್ಟೇ ಕಾಯುವುದೆಂದು ಜನರಿಗೆ ತೋರಿದಾಗ ಆ ಆಸರೆ ಕುಸಿಯುತ್ತದೆ. 2009ರ ಜನವರಿಯಲ್ಲಿ ಹೈದರಾಬಾದಿನ ಸತ್ಯಂ ಕಂಪನಿಯ ಸಂಸ್ಥಾಪಕರು ಲೆಕ್ಕಗಳು ಸುಳ್ಳೆಂದು ತಾವೇ ಒಪ್ಪಿಕೊಂಡರು. ಆ ಲೆಕ್ಕಗಳ ಮೇಲೆ ಪರಿಶೋಧಕರ ಸಹಿಯಿತ್ತು. ತಪ್ಪಿತಸ್ಥರನ್ನು ವೃತ್ತಿಬಾಂಧವರೇ ವಿಚಾರಿಸುವ ಪದ್ಧತಿಯ ಮೇಲಿನ ನಂಬಿಕೆ ಕುಗ್ಗಿತು. 2013ರ ಕಂಪನಿ ಕಾಯಿದೆಯನ್ವಯ 2018ರಲ್ಲಿ ರಾಷ್ಟ್ರೀಯ ಹಣಕಾಸು ವರದಿ ಪ್ರಾಧಿಕಾರ ಸ್ಥಾಪನೆಗೊಂಡು, ದೊಡ್ಡ ಕಂಪನಿಗಳ ಪರಿಶೋಧಕರನ್ನು ವಿಚಾರಿಸುವ ಅಧಿಕಾರ ಅದರ ಕೈ ಸೇರಿತು. ವೈದ್ಯಕೀಯ ಪರಿಷತ್ತಿನ ಸ್ಥಾನಕ್ಕೂ 2020ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಬಂದಿತು. ತನ್ನ ಮನೆಯ ಕಸವನ್ನು ತಾನೇ ಗುಡಿಸದ ಸಂಘದ ಪೊರಕೆಯನ್ನು ಸರಕಾರ ಕೈಗೆತ್ತಿಕೊಳ್ಳುತ್ತದೆ. ಆಗ ವೃತ್ತಿಯ ಸ್ವಾತಂತ್ರ್ಯವೂ ಅಷ್ಟಷ್ಟೇ ಕ್ಷೀಣಿಸುತ್ತದೆ.

ಸುಳ್ಳು ಬರಹವನ್ನು ರಚಿಸುವ ‘ಕೂಟಲೇಖಕ್ರಿಯೆ’ಯನ್ನು ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದ ಪರಂಪರೆಗೆ ಈ ಪ್ರಶ್ನೆ ಹೊಸದಲ್ಲ. ವ್ರತವನ್ನು ವ್ಯಕ್ತಿ ಒಬ್ಬನೇ ಸ್ವೀಕರಿಸಬಹುದು. ಆದರೆ ಕಚೇರಿಯಲ್ಲಿ ಅದನ್ನು ಉಳಿಸಿಕೊಳ್ಳಲು ಸಹೋದ್ಯೋಗಿಗಳ ಬೆಂಬಲ ಬೇಕು.

ಆದ್ದರಿಂದ ಯುವ ವೃತ್ತಿನಿರತರು ಸಂಘದ ಸಭೆಗಳಿಗೆ ಹೋಗಬೇಕು, ಚುನಾವಣೆಯಲ್ಲಿ ಮತ ಹಾಕಬೇಕು. ಅಭ್ಯರ್ಥಿ ಯಾವ ಜಾತಿ, ಯಾವ ಊರು ಎಂದು ಕೇಳುವ ಬದಲು, ಬಾಕಿಯಿರುವ ಶಿಸ್ತಿನ ದೂರುಗಳ ಬಗ್ಗೆ ಆತನ ನಿಲುವೇನೆಂದು ಕೇಳಬೇಕು. ವಿದ್ಯಾರ್ಥಿವೇತನ ನೀಡುವ ಸಮಾಜದ ಸಂಸ್ಥೆಗಳೂ ಪದವಿ ಪಡೆಯುವುದನ್ನಷ್ಟೇ ಅಲ್ಲ, ಅದಕ್ಕೆ ಅಂಟಿಕೊಂಡ ಈ ಕರ್ತವ್ಯವನ್ನೂ ಕಲಿಸಲಿ. ಸಹಿ ಒಬ್ಬನದೇ ಆದರೂ ಅದರ ಬೆಲೆ ಇಡೀ ವೃತ್ತಿ ಕಟ್ಟಿಕೊಟ್ಟದ್ದು.