ಬದುವೇ ನಮ್ಮ ಸೊಪ್ಪಿನಬೆಟ್ಟ

ಬೆಳೆಗೆ ಬೇಕಾದ ಆಹಾರವನ್ನು ನಾವು ಚೀಲದಲ್ಲಿ ಕೊಂಡು ತರುತ್ತೇವೆ; ಬೆಳೆ ಮಣ್ಣಿಗಾಗಿ ಬಿಟ್ಟುಹೋದ ಆಹಾರವನ್ನು ನಾವೇ ಸುಡುತ್ತೇವೆ. ರಾಯಬಾಗ ತಾಲ್ಲೂಕಿನ ಪಾಲಬಾವಿ, ಹಾರೂಗೇರಿ, ಮುಗಳಖೋಡ ಭಾಗದಲ್ಲಿ ಕಬ್ಬಿನ ಕಟಾವು ಮುಗಿದ ಹೊಲಗಳಿಂದ ರವದಿಯ ಹೊಗೆ ಏಳುವುದು ಎಲ್ಲರಿಗೂ ಪರಿಚಿತವಾದ ನೋಟ. ಚಾಟನಿ ಮಾಡಿದ ದ್ರಾಕ್ಷಿಯ ಕಡ್ಡಿ, ಬದುವಿನ ಮೇಲೆ ಸವರಿದ ಬೇವು-ಹೊಂಗೆಯ ಟೊಂಗೆ ಇವುಗಳ ಗತಿಯೂ ಬಹುತೇಕ ಇದೇ. ಸೀಗಿ ಹುಣ್ಣಿಮೆಯಂದು ಚರಗ ಚೆಲ್ಲಿ ಭೂತಾಯಿಯ ಉಡಿ ತುಂಬುವ ನಾವು, ಎರಡು-ಮೂರು ತಿಂಗಳು ಕಳೆಯುವುದರೊಳಗೆ ಅದೇ ಒಡಲಿಗೆ ಬೆಂಕಿ ಇಡುವುದು ಎಷ್ಟರಮಟ್ಟಿಗೆ ಸರಿ ಎಂಬುದನ್ನು ರೈತ ಬಾಂಧವರು ಯೋಚಿಸಬೇಕು. ಹೊಲದಲ್ಲಿ ಸವರಿದ್ದು, ಸುಲಿದದ್ದು ಹೊಲದಲ್ಲಿಯೇ ಹೊದಿಕೆಯಾಗಿ ಉಳಿಯಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಸುಟ್ಟರೆ ಹೋಗುವುದೇನು?

ಎಕರೆಗೆ 40 ಟನ್ ಕಬ್ಬು ಬಂದ ಹೊಲದಲ್ಲಿ ಸುಮಾರು 4 ಟನ್ ರವದಿ ಉಳಿಯುತ್ತದೆ. ಇದರಲ್ಲಿ ಸಾರಜನಕ ಶೇ. 0.4ರಷ್ಟಿದೆ ಎಂದು ಹಿಡಿದರೂ 16 ಕಿಲೋ ಆಯಿತು. ಇದು ಸುಮಾರು 35 ಕಿಲೋ ಯೂರಿಯಾಕ್ಕೆ, ಅಂದರೆ 45 ಕಿಲೋ ಚೀಲದ ಮುಕ್ಕಾಲು ಪಾಲಿಗೆ ಸಮ. ಬೆಂಕಿ ಹಚ್ಚಿದೊಡನೆ ಈ ಸಾರಜನಕದ ಬಹುಭಾಗವೂ ಗಂಧಕದ ಬಹಳಷ್ಟು ಅಂಶವೂ ಗಾಳಿಯ ಪಾಲಾಗುತ್ತವೆ. ಪೊಟ್ಯಾಷ್ ಬೂದಿಯಲ್ಲಿ ಉಳಿದರೂ ಆ ಬೂದಿ ಗಾಳಿಗೆ ಹಾರುತ್ತದೆ, ನೀರಿಗೆ ಕೊಚ್ಚಿ ಹೋಗುತ್ತದೆ.

ಇದಕ್ಕಿಂತ ದೊಡ್ಡ ನಷ್ಟ ಇಂಗಾಲದ್ದು. ನಾಲ್ಕು ಟನ್ ರವದಿಯಲ್ಲಿ ಒಂದೂವರೆ ಟನ್ನಿಗೂ ಮಿಕ್ಕಿ ಇಂಗಾಲವಿರುತ್ತದೆ. ನಿಮ್ಮ ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಸಾವಯವ ಇಂಗಾಲ ಶೇ. 0.5ಕ್ಕಿಂತ ಕಡಿಮೆ ಎಂದಿದ್ದರೆ ಆ ಭೂಮಿ ಬಡವಾಗಿದೆ ಎಂದೇ ಅರ್ಥ. ಬಡ ಭೂಮಿಯಲ್ಲಿ ಹಾಕಿದ ಗೊಬ್ಬರವೂ ನಿಲ್ಲದು, ಬಿಟ್ಟ ನೀರೂ ನಿಲ್ಲದು. ಚೀಲದ ಗೊಬ್ಬರ ಇಂಗಾಲವನ್ನು ತಂದುಕೊಡುವುದಿಲ್ಲ.

ನಮ್ಮ ಭಾಗಕ್ಕೆ ಇನ್ನೂ ಒಂದು ವಿಶೇಷ ಕಾರಣವಿದೆ. ರಾಯಬಾಗ, ಅಥಣಿ ತಾಲ್ಲೂಕುಗಳು ಉತ್ತರ ಒಣ ವಲಯಕ್ಕೆ ಸೇರಿದವು. ಮಳೆ ಕಡಿಮೆ, ಬಿಸಿಲು ಹೆಚ್ಚು. ಕಾಲುವೆ ಮತ್ತು ನದಿಯ ನೀರು ಹರಿದ ಕಪ್ಪು ಭೂಮಿಯಲ್ಲಿ ಸವಳು ಕಾಣಿಸಿಕೊಂಡಿರುವುದು ಎಲ್ಲರೂ ಬಲ್ಲ ಸಂಗತಿ. ಬರಿ ನೆಲದ ಮೇಲೆ ಬಿಸಿಲು ಬಿದ್ದಾಗ ತೇವ ಮೇಲೇರಿ ಆವಿಯಾಗುತ್ತದೆ. ಅದರೊಡನೆ ಮೇಲೆ ಬಂದ ಉಪ್ಪು ಮಾತ್ರ ನೆಲದ ಮೇಲೆಯೇ ಕೂಡುತ್ತದೆ. ಹೊದಿಕೆ ಹಾಸಿದ ನೆಲದಲ್ಲಿ ಈ ಏರಾಟ ನಿಧಾನವಾಗುತ್ತದೆ. ಹೊದಿಕೆಯೊಂದರಿಂದಲೇ ಸವಳು ಹೋಗದು, ಅದಕ್ಕೆ ಬಸಿಗಾಲುವೆಯೂ ಬೇಕು. ಆದರೆ ಸವಳು ಬೇಗ ಹೆಚ್ಚದಂತೆ ತಡೆಯುವ ಅಗ್ಗದ ಉಪಾಯ ಇದೇ.

ಶಿರಸಿಯವರ ಬೆಟ್ಟ, ನಮ್ಮ ಬದು

ಗಿಡ ಸವರಿ ಬೆಳೆಯ ಬುಡಕ್ಕೆ ಹಾಸುವ ವಿದ್ಯೆ ಕನ್ನಡ ನಾಡಿಗೆ ಹೊಸದಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಅಡಿಕೆ ಬೆಳೆಗಾರರು ತಲೆತಲಾಂತರದಿಂದ ಸೊಪ್ಪಿನಬೆಟ್ಟದ ಮರಗಳ ಟೊಂಗೆ ಸವರಿ, ಉದುರಿದ ದರಕು ಕೂಡಿಸಿ, ಕೊಟ್ಟಿಗೆಗೂ ತೋಟಕ್ಕೂ ಹಾಸುತ್ತ ಬಂದಿದ್ದಾರೆ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟದ ಸವಲತ್ತು ಅಲ್ಲಿದೆ. ತೋಟದ ಫಲವತ್ತತೆಗೆ ಅಷ್ಟು ಸೊಪ್ಪು ಬೇಕೆಂಬುದನ್ನು ಹಿರಿಯರು ಅರಿತಿದ್ದರು. ಆಸ್ಟ್ರೇಲಿಯದ ಬಿಲ್ ಮಾಲಿಸನ್ ಮತ್ತು ಡೇವಿಡ್ ಹೋಮ್‌ಗ್ರೆನ್ 1978ರಲ್ಲಿ ಪುಸ್ತಕ ಬರೆದು 'ಪರ್ಮಾಕಲ್ಚರ್', ಅಂದರೆ ಶಾಶ್ವತ ಕೃಷಿ, ಎಂಬ ಹೆಸರನ್ನು ಪ್ರಚಾರಕ್ಕೆ ತಂದರು. ಆ ಬಗೆಯ ತೋಟಗಳಲ್ಲಿಯೂ ಗಿಡ ಸವರಿ ಅಲ್ಲಿಯೇ ಬೀಳಿಸುವುದು ಮುಖ್ಯ ಕ್ರಮ. ಹೆಸರು ಹೊಸದು, ಕೆಲಸ ಹಳೆಯದು.

ಪಾಲಬಾವಿಯ ರೈತನಿಗೆ ಬೆಟ್ಟವಿಲ್ಲ, ಬದು ಇದೆ. ಅದು ಇಂದು ಬಹುಮಟ್ಟಿಗೆ ಕರಿಕೆ ಬೆಳೆಯುವ ಜಾಗವಾಗಿದೆ. ಚೌಕಾಕಾರದ ಒಂದು ಎಕರೆಯ ನಾಲ್ಕು ಬದುಗಳ ಉದ್ದ ಸುಮಾರು 250 ಮೀಟರ್. ಅರ್ಧ ಮೀಟರಿಗೆ ಒಂದರಂತೆ ಗ್ಲಿರಿಸಿಡಿಯಾ, ಅಂದರೆ ಗೊಬ್ಬರದ ಗಿಡ, ನೆಟ್ಟರೆ 500 ಗಿಡ ಹಿಡಿಯುತ್ತವೆ. ಮುಂಗಾರಿನ ಆರಂಭದಲ್ಲಿ ಬಲಿತ ಕಡ್ಡಿಗಳನ್ನಾಗಲಿ ಸಸಿಗಳನ್ನಾಗಲಿ ನೆಡಬಹುದು. ಮೊದಲ ವರ್ಷ ದನ, ಆಡು ಬಾಯಿ ಹಾಕದಂತೆ ಕಾಯಬೇಕು. ವರ್ಷ ತುಂಬಿದ ಮೇಲೆ ನೆಲದಿಂದ 75 ಸೆಂಟಿಮೀಟರ್ ಎತ್ತರಕ್ಕೆ ಸವರಬೇಕು. ಆನಂತರ ಜೂನ್, ನವೆಂಬರ್, ಮಾರ್ಚ್ ಹೀಗೆ ವರ್ಷಕ್ಕೆ ಮೂರು ಸಲ ಸವರಬಹುದು. ಬೆಳೆದ ಗಿಡವೊಂದರಿಂದ ಒಂದು ಸಲಕ್ಕೆ 2 ಕಿಲೋ ಹಸಿ ಸೊಪ್ಪು ದೊರೆತರೂ ಒಂದು ಟನ್ ಆಯಿತು. ಅದರ ಮುಕ್ಕಾಲು ಪಾಲು ನೀರು. ಉಳಿದ 250 ಕಿಲೋ ಒಣ ಪದಾರ್ಥದಲ್ಲಿ ಸಾರಜನಕ ಶೇ. 2.4ರಷ್ಟು, ಅಂದರೆ ಸುಮಾರು 6 ಕಿಲೋ.

ಒಣದರ ಜೊತೆಗೆ ಹಸಿ

ರವದಿಯಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ತಮಗೆ ಸಾಲದ ಸಾರಜನಕವನ್ನು ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ. ಆಗ ಕೂಳೆ ಬೆಳೆ ಹಳದಿ ಬೀಳುತ್ತದೆ. 'ರವದಿ ಹಾಕಿದರೆ ಬೆಳೆ ಕುಗ್ಗುತ್ತದೆ' ಎಂಬ ದೂರಿಗೆ ಕಾರಣ ಇದೇ. ಗೊಬ್ಬರದ ಗಿಡದ ಸೊಪ್ಪಿನ ಗುಣ ಇದಕ್ಕೆ ವಿರುದ್ಧವಾದುದು. ಕೆಲವೇ ವಾರಗಳಲ್ಲಿ ಕರಗಿ ಸಾರಜನಕ ಬಿಡುತ್ತದೆ, ಆದರೆ ಹೊದಿಕೆಯಾಗಿ ಹೆಚ್ಚು ಕಾಲ ಬಾಳದು. ಒಣ ರವದಿಯ ಮೇಲೆ ಹಸಿ ಸೊಪ್ಪು ಬಿದ್ದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಬದುವಿನ ಗಿಡ ಬೆಳೆಯುವವರೆಗೆ ಕಾಯಬೇಕಾಗಿಲ್ಲ. ಟನ್ ರವದಿಗೆ 8 ಕಿಲೋ ಯೂರಿಯಾ, 10 ಕಿಲೋ ಸೂಪರ್ ಫಾಸ್ಫೇಟ್, 1 ಕಿಲೋ ಕೊಳೆಸುವ ಜೀವಾಣು ಪುಡಿಯನ್ನು ಸಗಣಿ ನೀರಿನಲ್ಲಿ ಕಲಸಿ ಚೆಲ್ಲಿ, ತೇವವಾಗಿ ಇಟ್ಟರೆ ಸಾಕು. ನಾಲ್ಕು ಟನ್ನಿಗೆ 32 ಕಿಲೋ ಯೂರಿಯಾ ಆಯಿತು. ಇದು ವ್ಯರ್ಥವಾಗದೆ ಮಣ್ಣಿನ ಠೇವಣಿಯಾಗಿ ಉಳಿದು ಮುಂದೆ ಬೆಳೆಗೆ ಒದಗುತ್ತದೆ.

ನಿಂತ ಕಬ್ಬಿನಲ್ಲಿಯೂ ಈ ಕೆಲಸವಿದೆ. ಕಬ್ಬು 30ರಿಂದ 35 ಎಲೆ ಬಿಟ್ಟರೂ ಅದರ ಆಹಾರ ತಯಾರಿಕೆಗೆ ಮೇಲಿನ 8-10 ಎಲೆ ಸಾಕು. ಐದನೆಯ ಮತ್ತು ಏಳನೆಯ ತಿಂಗಳಲ್ಲಿ ಕೆಳಗಿನ ಒಣ ಎಲೆ ಸುಲಿದು ಸಾಲಿನಲ್ಲಿ ಹಾಸಿದರೆ ಕಳೆ ತಗ್ಗುತ್ತದೆ, ತೇವ ಉಳಿಯುತ್ತದೆ, ಗಾಳಿಯಾಡುತ್ತದೆ. ಅರಿಷಿಣ ಬೆಳೆಯುವವರಂತೂ ಸೊಪ್ಪನ್ನು ಬಿಡಲೇಬಾರದು. ನಾಟಿ ಮಾಡಿದೊಡನೆ ಎಕರೆಗೆ 5 ಟನ್ನಿನಷ್ಟು, 40 ಮತ್ತು 90ನೆಯ ದಿನಗಳಲ್ಲಿ 3 ಟನ್ನಿನಷ್ಟು ಸೊಪ್ಪಿನ ಹೊದಿಕೆ ಹಿತಕರ. ಇಷ್ಟನ್ನು ಬದು ಒಂದೇ ಕೊಡಲಾರದು. ಸೊಪ್ಪಿನೊಡನೆ ರವದಿಯನ್ನೂ ಸೇರಿಸಿಕೊಳ್ಳಬಹುದು.

ರೈತರ ಆಕ್ಷೇಪಣೆಗಳು

ಸುಡುವ ರೈತ ಅಜ್ಞಾನದಿಂದ ಸುಡುತ್ತಾನೆ ಎನ್ನುವುದು ಅನ್ಯಾಯ. ಕೂಳೆ ಬೆಳೆಗೆ ಬೇಗ ನೀರು ಬಿಡಬೇಕು, ಆಳು ಸಿಗುವುದಿಲ್ಲ, ರವದಿ ನೀರಿಗೆ ಅಡ್ಡ ಬರುತ್ತದೆ, ಇಲಿ-ಹಾವಿನ ಭಯವಿದೆ. ಇವೆಲ್ಲ ನಿಜವಾದ ತೊಡಕುಗಳು. ನೀರಿನ ತೊಡಕಿಗೆ ಪರಿಹಾರ ಸುಲಭ: ರವದಿಯನ್ನು ಸಾಲು ಬಿಟ್ಟು ಸಾಲಿಗೆ ಹಾಸಿ, ತೆರೆದ ಸಾಲಿನಲ್ಲಿ ನೀರು ಹಾಯಿಸಬೇಕು. ಕೂಳೆಯ ಬುಡವನ್ನು ನೆಲಮಟ್ಟಕ್ಕೆ ಸವರಿ, ಅದರ ಮೇಲೆ ರವದಿ ಬೀಳದಂತೆ ನೋಡಿಕೊಂಡರೆ ಚಿಗುರಿಗೆ ತೊಂದರೆಯಿಲ್ಲ. ಆಳಿನ ತೊಡಕು ದೊಡ್ಡದು. ರವದಿ ಪುಡಿ ಮಾಡುವ ಯಂತ್ರ ಈಗ ಇದೆ. ಆದರೆ ಎರಡು-ಮೂರು ಎಕರೆಯ ರೈತ ಅದನ್ನು ಕೊಳ್ಳಲಾರ. ಊರಿನ ಸಹಕಾರಿ ಸಂಘವಾಗಲಿ, ಸಕ್ಕರೆ ಕಾರ್ಖಾನೆಯಾಗಲಿ ಊರಿಗೊಂದು ಯಂತ್ರ ಇಟ್ಟು ಬಾಡಿಗೆಗೆ ಕೊಡಬೇಕು. ಇದನ್ನು ರೈತರು ಸಂಘದ ಸಭೆಯಲ್ಲಿ ಎದ್ದು ನಿಂತು ಕೇಳಬೇಕು.

ಲಾವಣಿಗೆ ಹೊಲ ಮಾಡುವವನ ಮಾತು ಬೇರೆ. ಮುಂದಿನ ವರ್ಷ ಹೊಲ ತನ್ನ ಕೈಯಲ್ಲಿರುತ್ತದೋ ಇಲ್ಲವೋ ಎನ್ನುವವನು ಬದುವಿಗೆ ಗಿಡ ನೆಡಲಾರ. ಆ ಕೆಲಸ ಭೂಮಾಲೀಕನದು. ಲಾವಣಿ ಮಾತನಾಡುವಾಗಲೇ 'ರವದಿ ಸುಡಬಾರದು' ಎಂಬ ಮಾತನ್ನೂ ಸೇರಿಸುವುದು ಅವನ ಭೂಮಿಯ ಹಿತಕ್ಕೇ ಒಳ್ಳೆಯದು.

ಎಲ್ಲವನ್ನೂ ಹಾಸಬಾರದು

ಹೊದಿಕೆಯಲ್ಲಿ ವಿವೇಕವೂ ಬೇಕು. ದುಂಡಾಣು ಅಂಗಮಾರಿ ತಗಲಿದ ದಾಳಿಂಬೆಯ ಟೊಂಗೆಗಳನ್ನು ಹೊಲದಿಂದ ಹೊರಗೊಯ್ದು ಸುಡಲೇಬೇಕು. ರೋಗ ಹಿಡಿದ ದ್ರಾಕ್ಷಿಯ ಕಡ್ಡಿ-ಎಲೆಗಳೂ ಬಳ್ಳಿಯ ಬುಡದಲ್ಲಿ ಉಳಿಯಬಾರದು. ಹೂ ಬಿಟ್ಟ ಪಾರ್ಥೇನಿಯಂ, ಕಾಯಿ ಬಲಿತ ಸುಬಾಬುಲ್ ಹಾಸಿದರೆ ಹೊದಿಕೆಯ ಬದಲು ಕಳೆಯನ್ನೇ ಬಿತ್ತಿದಂತಾಗುತ್ತದೆ. ಹಣ್ಣಿನ ಗಿಡಗಳಲ್ಲಿ ಹೊದಿಕೆಯನ್ನು ಕಾಂಡಕ್ಕೆ ತಾಗಿಸದೆ ಒಂದು ಗೇಣು ದೂರವಿಡಬೇಕು. ಗೆದ್ದಲಿನ ಕಾಟವಿರುವಲ್ಲಿ ಒಣ ಕಡ್ಡಿಯನ್ನು ದಪ್ಪವಾಗಿ ಹಾಕದೆ ತೇವ ಆರದಂತೆ ನೋಡಿಕೊಳ್ಳಬೇಕು.

ಮನೆಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತೆ, ಹೊಲದ ಗೊಬ್ಬರ ಸುಟ್ಟು ಅಂಗಡಿಯ ಮುಂದೆ ಯೂರಿಯಾಕ್ಕೆ ಪಾಳಿ ಹಚ್ಚುವುದು ಇನ್ನಾದರೂ ನಿಲ್ಲಬೇಕು. ಇಡೀ ಹೊಲದಲ್ಲಿ ಮಾಡಿರೆಂದು ನಾನು ಹೇಳುವುದಿಲ್ಲ. ಬರುವ ಕಟಾವಿನಲ್ಲಿ ಒಂದೇ ಎಕರೆಯ ರವದಿ ಉಳಿಸಿರಿ. ಮುಂಗಾರಿನಲ್ಲಿ ಒಂದೇ ಬದುವಿಗೆ ಗೊಬ್ಬರದ ಗಿಡ ನೆಡಿರಿ. ನೀರು ಬಿಟ್ಟ ಎಂಟನೆಯ ದಿನ ಸುಟ್ಟ ಎಕರೆಯಿಂದ ಒಂದು ಹಿಡಿ, ಹೊದಿಸಿದ ಎಕರೆಯಿಂದ ಒಂದು ಹಿಡಿ ಮಣ್ಣು ತೆಗೆದು ಹಿಚುಕಿ ನೋಡಿರಿ. ಮುಂದಿನ ವರ್ಷ ಬೆಂಕಿ ಇಡಬೇಕೋ ಬೇಡವೋ ಎಂಬುದನ್ನು ಆ ಎರಡು ಹಿಡಿ ಮಣ್ಣು ನೋಡಿಯೇ ನೀವು ತೀರ್ಮಾನಿಸಬಹುದು.