ಕಲ್ಲು ನೆಡಲಾಗದ ಕಡಲು

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹತ್ತನೆಯ ಶತಮಾನದ ನಡುಭಾಗದಲ್ಲಿ ಒಂದು ಕಲ್ಲನ್ನು ನೆಟ್ಟರು. ರಾಷ್ಟ್ರಕೂಟರ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ದೊಡ್ಡ ಸಂಗತಿಯನ್ನು ಅದರ ಮೇಲಿನ ಶಾಸನ ಹೇಳುತ್ತದೆ. ಜೊತೆಯಲ್ಲಿಯೇ ಒಂದು ಸಣ್ಣ ಸಂಗತಿಯನ್ನೂ ಹೇಳುತ್ತದೆ. ಗಂಗರ ಬೂತುಗನ ಬಂಟನಾದ ಮಣಲೇರನು ಒಡೆಯನಿಂದ ‘ಕಾಳಿ’ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಅದನ್ನು ಒಂದು ಕಾಡುಹಂದಿಯ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಒಂದನ್ನೊಂದು ಕೊಂದು ಸತ್ತವು. ಕಾಳಿಯೇ ಗೆದ್ದಿತೆಂದು ಬರೆಯಬಹುದಾಗಿತ್ತು. ಶಾಸನ ಬರೆದವನು ಹಾಗೆ ಬರೆಯಲಿಲ್ಲ. ಕಲ್ಲು ಕಡೆದವನೂ ಹಂದಿಯನ್ನು ಚಿತ್ರದಿಂದ ಬಿಡಲಿಲ್ಲ. ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲಿನ ಮೇಲೆ ಎರಡೂ ಇವೆ.

ಸತ್ತವರನ್ನು ಹೇಗೆ ನೆನೆಯಬೇಕು ಎಂಬ ಪ್ರಶ್ನೆ ಬಂದಾಗಲೆಲ್ಲ ನನಗೆ ಈ ಕಲ್ಲು ನೆನಪಾಗುತ್ತದೆ. ಸತ್ತವರ ಹೆಸರು, ಸತ್ತ ಬಗೆ, ಎದುರಿಗೆ ನಿಂತವರು ಯಾರು ಎಂಬುದನ್ನು ಇದ್ದುದು ಇದ್ದ ಹಾಗೆ ಹೇಳುವುದೇ ಸ್ಮರಣೆ ಎಂದು ನಾನು ತಿಳಿದಿದ್ದೇನೆ. ಹೊಗಳಿಕೆ ಅದಕ್ಕಿಂತ ಸುಲಭವಾದ ಕೆಲಸ.

ನೆಲದ ಮೇಲೆ ಮಡಿದವರಿಗೆ ಮಡಿದ ಜಾಗದಲ್ಲಿಯೇ ಕಲ್ಲು ನೆಡಬಹುದು. ಕಡಲಿನಲ್ಲಿ ಮಡಿದವರಿಗೂ ದಡದಲ್ಲಿ ನೆಟ್ಟದ್ದುಂಟು. ಮುಂಬಯಿಯ ಬೊರಿವಲಿ ಸಮೀಪದ ಎಕ್ಸಾರ್ ವೀರಗಲ್ಲುಗಳಲ್ಲಿ ಹಡಗುಗಳ ಕಾಳಗವನ್ನೇ ಕೆತ್ತಿದ್ದಾರೆ. ಆದರೆ ನೀರಿನ ಮೇಲಿನ ಕಾಳಗವನ್ನು ಕಂಡವರಿರುತ್ತಾರೆ. ನೀರಿನೊಳಗೆ ಸಾಗುವ ಜಲಾಂತರ್ಗಾಮಿ ಹಡಗು ಅಳಿದರೆ, ಎಷ್ಟೋ ವೇಳೆ ಅದನ್ನು ಹೇಳಲು ಯಾರೂ ಉಳಿಯುವುದಿಲ್ಲ. ಯಾರ ಕಣ್ಣಿಗೂ ಬೀಳದಿರುವುದೇ ಅದರ ಕೆಲಸ. ಯುದ್ಧಕಾಲದಲ್ಲಿ ನಾವಿಕನು ತಾನು ಹೋಗುವ ದಿಕ್ಕನ್ನು ಮನೆಯವರಿಗೆ ಹೇಳುವಂತಿಲ್ಲ. ಹಿಂತಿರುಗಿದ ಮೇಲೆ ತಾನೆಲ್ಲಿದ್ದೆನೆಂದೂ ಹೇಳುವಂತಿಲ್ಲ. ಅಮೆರಿಕದ ನೌಕಾಪಡೆಯಲ್ಲಿ ಈ ವಿಭಾಗಕ್ಕೆ ‘ಮೌನ ಸೇವೆ’ ಎಂಬ ಹೆಸರೇ ಬಿದ್ದಿತು. ಬದುಕಿದ್ದಾಗ ಮೌನವನ್ನು ವ್ರತದಂತೆ ಪಾಲಿಸಿದವರು ತೀರಿಕೊಂಡ ಮೇಲೆ ಅವರ ಪರವಾಗಿ ಮಾತನಾಡುವವರು ಯಾರು?

ಎರಡನೆಯ ಮಹಾಯುದ್ಧದ ಕಾಲದ ಅಮೆರಿಕದ ಜಲಾಂತರ್ಗಾಮಿಯೊಂದನ್ನು ಕಲ್ಪಿಸಿಕೊಳ್ಳಿ. ಸುಮಾರು 310 ಅಡಿ ಉದ್ದ, 27 ಅಡಿ ಅಗಲದ ಉಕ್ಕಿನ ಕೊಳವೆ. ಒಳಗೆ ಎಪ್ಪತ್ತು ಎಂಬತ್ತು ಮಂದಿ. ಇರುಳು ನೀರಿನ ಮೇಲೆ ಡೀಸೆಲ್ ಎಂಜಿನ್ನುಗಳಿಂದ ಓಟ, ಹಗಲು ನೀರಿನೊಳಗೆ ಬ್ಯಾಟರಿಗಳ ಬಲದಿಂದ ನಿಧಾನವಾದ ನಡೆ. ಸಿಹಿನೀರು ಮಿತ, ಇದ್ದುದರಲ್ಲಿ ಬ್ಯಾಟರಿಗಳಿಗೂ ಪಾಲು ಹೋಗಬೇಕು. ಆದುದರಿಂದ ಸ್ನಾನ ಅಪರೂಪ. ಟಾರ್ಪೆಡೊಗಳ ಪಕ್ಕದಲ್ಲಿಯೇ ಹಾಸಿಗೆ. ದಿನವೆಲ್ಲ ಮುಳುಗಿದ್ದರೆ ಸಂಜೆಯ ವೇಳೆಗೆ ಒಳಗಿನ ಗಾಳಿ ಎಷ್ಟು ಕೆಡುತ್ತಿತ್ತೆಂದರೆ ಬೆಂಕಿಕಡ್ಡಿ ಗೀರಿದರೂ ಸರಿಯಾಗಿ ಹೊತ್ತುತ್ತಿರಲಿಲ್ಲ. ಶತ್ರುವಿನ ಹಡಗು ತಲೆಯ ಮೇಲೆ ಸುಳಿದಾಡುವಾಗ ಫ್ಯಾನುಗಳನ್ನೂ ನಿಲ್ಲಿಸಿ, ಸದ್ದಾಗದಂತೆ, ಬೆವರು ಒರಸಿಕೊಳ್ಳುತ್ತ ಗಂಟೆಗಟ್ಟಲೆ ಕಾಯಬೇಕು. ಅಲ್ಲಿದ್ದವರೆಲ್ಲ ತಾವಾಗಿ ಮುಂದೆ ಬಂದು ಸೇರಿದವರು. ಊಟ ಮಾತ್ರ ಇಡೀ ನೌಕಾಪಡೆಯಲ್ಲೇ ಒಳ್ಳೆಯದೆಂದು ಹೆಸರಾಗಿತ್ತು. ಇಕ್ಕಟ್ಟಾದ ಅಡುಗೆಕೋಣೆಯಲ್ಲಿ ಅಷ್ಟು ಜನಕ್ಕೆ ಬೇಯಿಸಿ ಹಾಕಿದ ಅಡುಗೆಯವನನ್ನು ಯುದ್ಧದ ಚರಿತ್ರೆಗಳು ಹೆಸರಿಸುವುದು ಕಡಿಮೆ. ಅದು ಆ ಪುಸ್ತಕಗಳ ದೋಷವೆಂದೇ ನಾನು ಹೇಳುತ್ತೇನೆ.

ಆ ಯುದ್ಧದಲ್ಲಿ ಅಮೆರಿಕವು 52 ಜಲಾಂತರ್ಗಾಮಿಗಳನ್ನು ಕಳೆದುಕೊಂಡಿತು. ಮಡಿದ ನಾವಿಕರು 3,500ಕ್ಕೂ ಹೆಚ್ಚು. ಗಸ್ತಿಗೆ ಹೋದವರಲ್ಲಿ ಐವರಿಗೆ ಒಬ್ಬನಂತೆ ಹಿಂತಿರುಗಲಿಲ್ಲ. ಜರ್ಮನಿಯ ಜಲಾಂತರ್ಗಾಮಿ ನಾವಿಕರ ಗತಿ ಇನ್ನೂ ಘೋರ: ಸುಮಾರು 40,000 ಮಂದಿಯಲ್ಲಿ ಮುಕ್ಕಾಲು ಪಾಲು ಸತ್ತರು. ಯುದ್ಧ ಮುಗಿದ ಮೇಲೆ ಬದುಕಿ ಬಂದ ಅಮೆರಿಕದ ನಾವಿಕರು ಒಂದು ಪದ್ಧತಿಯನ್ನು ಬೆಳೆಸಿಕೊಂಡರು. ವರ್ಷಕ್ಕೊಮ್ಮೆ ಒಂದೆಡೆ ಸೇರಿ, ಕಳೆದುಹೋದ ಹಡಗುಗಳ ಹೆಸರನ್ನು ಒಂದೊಂದಾಗಿ ಓದುವುದು; ಒಂದು ಹೆಸರಿಗೆ ಒಂದು ಸಲ ಗಂಟೆ ಬಾರಿಸುವುದು. ಭಾಷಣಕ್ಕಿಂತ ಈ ಗಂಟೆಯ ನಾದ ಹೆಚ್ಚು ಹೇಳುತ್ತದೆ. ಹಿಂತಿರುಗದ ಹಡಗುಗಳನ್ನು ಅವರು ‘ಸತ್ತವು’ ಎನ್ನುವುದಿಲ್ಲ. ‘ಇನ್ನೂ ಗಸ್ತಿನಲ್ಲಿವೆ’ ಎನ್ನುತ್ತಾರೆ. ವಯಸ್ಸಾಗಿ ಹಾಸಿಗೆಯ ಮೇಲೆ ತೀರಿಕೊಂಡ ಹಳೆಯ ನಾವಿಕನಿಗೂ ಅದೇ ಮಾತು. ಈ ಮಾತು ನನಗೆ ಹಿಡಿಸುತ್ತದೆ. ಆದರೂ ಅಷ್ಟಕ್ಕೇ ನಿಲ್ಲಲು ಮನಸ್ಸು ಒಪ್ಪುವುದಿಲ್ಲ. ಎಲ್ಲಿ ಗಸ್ತಿನಲ್ಲಿದೆ ಎಂದು ಮಗನನ್ನು ಕಳೆದುಕೊಂಡ ತಾಯಿ ಕೇಳಿದರೆ ಉತ್ತರ ಬೇಡವೆ?

‘ಗ್ರೇಬ್ಯಾಕ್’ ಎಂಬ ಜಲಾಂತರ್ಗಾಮಿಯ ಕಥೆ ಇಂತಹುದು. 1944ರ ಜನವರಿ 28ರಂದು 80 ಮಂದಿಯೊಡನೆ ಅದು ಪರ್ಲ್ ಹಾರ್ಬರಿನಿಂದ ಹೊರಟಿತು, ಮರಳಲಿಲ್ಲ. ಯುದ್ಧದ ಬಳಿಕ ಜಪಾನಿನ ದಾಖಲೆಗಳನ್ನು ಇಂಗ್ಲಿಷಿಗೆ ತಂದಾಗ, ಅದು ಮುಳುಗಿದ ಸ್ಥಳದ ರೇಖಾಂಶದಲ್ಲಿ ಒಂದೇ ಒಂದು ಅಂಕಿ ತಪ್ಪಾಯಿತು. ಆ ಒಂದು ಅಂಕಿ ಹಡಗನ್ನು ಇದ್ದ ಜಾಗದಿಂದ ಸುಮಾರು ನೂರು ಮೈಲಿ ಆಚೆಗೆ ಕೊಂಡೊಯ್ದಿತು. ಎಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಎಲ್ಲರೂ ತಪ್ಪು ಜಾಗವನ್ನೇ ನಂಬಿದ್ದರು. ಕೊನೆಗೆ ಮೂಲ ದಾಖಲೆಯನ್ನು ಮತ್ತೊಮ್ಮೆ ಓದಿ ತಪ್ಪನ್ನು ಹಿಡಿದವರು ಯುಟಾಕಾ ಇವಾಸಾಕಿ ಎಂಬ ಜಪಾನೀ ಸಂಶೋಧಕರು. 2019ರಲ್ಲಿ ಒಕಿನಾವಾ ದ್ವೀಪದ ದಕ್ಷಿಣಕ್ಕೆ, 1,400 ಅಡಿಗೂ ಹೆಚ್ಚು ಆಳದಲ್ಲಿ ಹಡಗು ದೊರೆಯಿತು. ಒಂದು ಕಾಲದ ಶತ್ರುದೇಶದವರೊಬ್ಬರು ಹಳೆಯ ಕಾಗದವನ್ನು ಶ್ರದ್ಧೆಯಿಂದ ಓದಿದ್ದರಿಂದ ಆ 80 ಮಂದಿಯ ಮನೆಗಳವರಿಗೆ ತಮ್ಮವರು ಎಲ್ಲಿದ್ದಾರೆಂಬುದು ತಿಳಿಯಿತು. ಆ ವೇಳೆಗೆ ಅವರ ತಂದೆತಾಯಿಗಳಲ್ಲಿ ಯಾರು ತಾನೆ ಉಳಿದಿದ್ದಾರು!

ಕರಾರುವಾಕ್ಕಾದ ನೆನಪು ಕೆಲವೊಮ್ಮೆ ಸಹಿಸಲಾರದಷ್ಟು ಭಾರವೂ ಆಗಬಹುದು. ‘ಸ್ಕ್ವಾಲಸ್’ ಮತ್ತು ‘ಸ್ಕಲ್ಪಿನ್’ ಎಂಬ ಜೋಡಿ ಹಡಗುಗಳ ವೃತ್ತಾಂತವನ್ನು ನೋಡೋಣ. ಎರಡೂ ಒಂದೇ ಮಾದರಿಯವು. 1939ರ ಮೇ 23ರಂದು, ಯುದ್ಧಕ್ಕೂ ಮುಂಚೆ, ಸ್ಕ್ವಾಲಸ್ ಅಮೆರಿಕದ ಪೂರ್ವ ಕರಾವಳಿಯಲ್ಲಿ ಪರೀಕ್ಷೆಗಾಗಿ ಮುಳುಗಿತು. ಎಂಜಿನ್ನುಗಳಿಗೆ ಗಾಳಿ ಒದಗಿಸುವ ದೊಡ್ಡ ಕವಾಟ ಮುಚ್ಚಿಕೊಳ್ಳದೆ ಹಿಂಭಾಗಕ್ಕೆಲ್ಲ ನೀರು ನುಗ್ಗಿತು. ಲಾಯ್ಡ್ ಮೇನಿಸ್ ಎಂಬ ಎಲೆಕ್ಟ್ರಿಷಿಯನ್ ನೀರು ಬರುತ್ತಿದ್ದ ಕಡೆಯ ಬಾಗಿಲಲ್ಲಿ ನಿಂತಿದ್ದನು. ಹಡಗು ಹಿಂದಕ್ಕೆ ವಾಲಿದ್ದುದರಿಂದ ಆ ಭಾರವಾದ ಬಾಗಿಲನ್ನು ಏರುಮುಖವಾಗಿ ಎಳೆದು ಮುಚ್ಚಬೇಕು. ಓಡಿಬಂದ ಕೆಲವರನ್ನು ಒಳಕ್ಕೆ ಬಿಟ್ಟುಕೊಂಡು, ಇನ್ನು ತಡಮಾಡಿದರೆ ಯಾರೂ ಉಳಿಯುವುದಿಲ್ಲವೆಂಬ ಗಳಿಗೆಯಲ್ಲಿ ಅವನು ಬಾಗಿಲನ್ನು ಮುಚ್ಚಿದನು. ಆಚೆಗೆ ಉಳಿದ ಸಂಗಾತಿಗಳನ್ನೂ ಸೇರಿಸಿ 26 ಮಂದಿ ಸತ್ತರು. ಈಚೆಗೆ 33 ಮಂದಿ 240 ಅಡಿ ಆಳದಲ್ಲಿ, ಕತ್ತಲೆಯಲ್ಲಿ, ಕೊರೆಯುವ ಚಳಿಯಲ್ಲಿ ಜೀವಂತವಾಗಿದ್ದರು. ಅವರನ್ನು ಹುಡುಕಿಕೊಂಡು ಬಂದ ಹಡಗೇ ಸ್ಕಲ್ಪಿನ್. ಮುಳುಗಿದವರು ಮೇಲಕ್ಕೆ ಹಾರಿಸಿದ ಹೊಗೆಬಾಣವನ್ನು ಅದರಲ್ಲಿದ್ದವರು ಕಂಡು ಸ್ಥಳವನ್ನು ಗುರುತಿಸಿದರು. ಚಾರ್ಲ್ಸ್ ಮೊಮ್ಸೆನ್ ಎಂಬ ಅಧಿಕಾರಿಯ ನೇತೃತ್ವದಲ್ಲಿ, ಗಂಟೆಯಾಕಾರದ ಒಂದು ರಕ್ಷಣಾಕೋಶವನ್ನು ನಾಲ್ಕು ಸಲ ಇಳಿಸಿ ಆ 33 ಮಂದಿಯನ್ನೂ ಮೇಲಕ್ಕೆ ತಂದರು.

ಸ್ಕ್ವಾಲಸ್ ಹಡಗನ್ನು ಮೇಲೆತ್ತಿ, ದುರಸ್ತಿ ಮಾಡಿ, ‘ಸೇಲ್‌ಫಿಶ್’ ಎಂಬ ಹೊಸ ಹೆಸರಿಟ್ಟು ಯುದ್ಧಕ್ಕೆ ಕಳುಹಿಸಿದರು. 1943ರ ನವೆಂಬರಿನಲ್ಲಿ ಪೆಸಿಫಿಕ್ ಸಾಗರದಲ್ಲಿ ಸ್ಕಲ್ಪಿನ್ ಜಪಾನೀಯರ ಹೊಡೆತಕ್ಕೆ ಸಿಕ್ಕಿ ಅಳಿಯಿತು. ಗುಪ್ತ ಸಂಗತಿಗಳನ್ನು ಬಲ್ಲ ಜಾನ್ ಕ್ರಾಮ್‌ವೆಲ್ ಎಂಬ ಹಿರಿಯ ಅಧಿಕಾರಿ, ತಾನು ಸೆರೆಸಿಕ್ಕರೆ ಬಾಯಿ ಬಿಡಬೇಕಾದೀತೆಂದು, ಹಡಗಿನೊಡನೆಯೇ ಮುಳುಗಿದನು. ಸೆರೆಯಾದ 41 ಮಂದಿಯನ್ನು ಜಪಾನಿಗೆ ಸಾಗಿಸುವಾಗ 21 ಮಂದಿಯನ್ನು ‘ಚುಯೊ’ ಎಂಬ ವಿಮಾನವಾಹಕ ನೌಕೆಗೆ ಹತ್ತಿಸಿದರು. ಡಿಸೆಂಬರ್ 4ರಂದು, ಬಿರುಗಾಳಿಯ ನಡುವೆ, ಒಂದು ಅಮೆರಿಕದ ಜಲಾಂತರ್ಗಾಮಿ ಚುಯೊವನ್ನು ಹೊಡೆದು ಮುಳುಗಿಸಿತು. ಆ ಜಲಾಂತರ್ಗಾಮಿಯೇ ಸೇಲ್‌ಫಿಶ್. ನಾಲ್ಕು ವರ್ಷಗಳ ಹಿಂದೆ ತನ್ನನ್ನು ಹುಡುಕಿಕೊಟ್ಟ ಹಡಗಿನವರು ಅದರೊಳಗಿದ್ದಾರೆಂದು ಅದರ ನಾವಿಕರಿಗೆ ತಿಳಿಯುವ ಬಗೆ ಇರಲಿಲ್ಲ. ಆ 21 ಮಂದಿಯಲ್ಲಿ ಬದುಕಿದವನು ಒಬ್ಬನೇ.

ಇದನ್ನು ಹೇಳದೆ ಬಿಟ್ಟಿದ್ದರೆ ಸೇಲ್‌ಫಿಶ್ ಹಡಗಿನ ಕೀರ್ತಿಗೆ ಕುಂದಿರುತ್ತಿರಲಿಲ್ಲ. ಹೇಳಿದ್ದರಿಂದ ಆ ನಾವಿಕರೇನೂ ಸಣ್ಣವರಾಗಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಇದಕ್ಕಿಂತ ಕಠಿಣವಾದ ಇನ್ನೊಂದು ಸಂಗತಿಯುಂಟು. ಪರ್ಲ್ ಹಾರ್ಬರಿನಲ್ಲಿ ‘ಬೋಫಿನ್’ ಎಂಬ ಜಲಾಂತರ್ಗಾಮಿಯನ್ನು 1981ರಿಂದ ವಸ್ತುಸಂಗ್ರಹಾಲಯವಾಗಿ ಇಟ್ಟಿದ್ದಾರೆ. ಕಳೆದುಹೋದ 52 ಹಡಗುಗಳ ಸ್ಮಾರಕ ಇರುವುದೂ ಅದರ ಪಕ್ಕದಲ್ಲಿಯೇ. 1944ರ ಆಗಸ್ಟ್ 22ರಂದು ಇದೇ ಬೋಫಿನ್ ‘ತ್ಸುಶಿಮಾ ಮಾರು’ ಎಂಬ ಜಪಾನೀ ಹಡಗನ್ನು ಮುಳುಗಿಸಿತು. ಅದರಲ್ಲಿ ಒಕಿನಾವಾದಿಂದ ಸುರಕ್ಷಿತ ಸ್ಥಳಕ್ಕೆ ಸಾಗಿಸುತ್ತಿದ್ದ ಶಾಲಾಮಕ್ಕಳಿದ್ದರು. ಸತ್ತ ಮಕ್ಕಳೇ 700ಕ್ಕೂ ಹೆಚ್ಚು. ಹಡಗಿನಲ್ಲಿ ಮಕ್ಕಳಿದ್ದಾರೆಂಬುದು ಬೋಫಿನ್‌ನವರಿಗೆ ಗೊತ್ತಿರಲಿಲ್ಲ. ಆ ಮಕ್ಕಳ ನೆನಪಿಗಾಗಿ ನಾಹಾ ನಗರದಲ್ಲಿ 2004ರಲ್ಲಿ ಒಂದು ಸಂಗ್ರಹಾಲಯ ತೆರೆಯಿತು. ನಾಹಾದಲ್ಲಿ ಮಕ್ಕಳನ್ನು ಮಾತ್ರ, ಪರ್ಲ್ ಹಾರ್ಬರಿನಲ್ಲಿ ನಾವಿಕರನ್ನು ಮಾತ್ರ ನೆನೆದರೆ ಸಾಕೆನ್ನುವವರು ಇರಬಹುದು. ನಾನು ಒಪ್ಪಲಾರೆ. ಆತಕೂರಿನ ಶಿಲ್ಪಿಯಂತೆ ಎರಡನ್ನೂ ಒಂದೇ ಕಲ್ಲಿನಲ್ಲಿ ಕಾಣಬೇಕು.

ಬದುಕಿ ಬಂದವರ ಮಾತು ಇನ್ನೂ ಉಳಿದಿದೆ. ಅವರಲ್ಲಿ ಅನೇಕರು ಅಂಗಡಿ, ಕಾರ್ಖಾನೆ, ಹೊಲಗಳಿಗೆ ಮರಳಿ ಸಾಮಾನ್ಯರಂತೆ ಬಾಳಿದರು. ಹೆಂಡತಿ ಮಕ್ಕಳಿಗೂ ಹೆಚ್ಚೇನೂ ಹೇಳಲಿಲ್ಲ. ಎರಡನೆಯ ಮಹಾಯುದ್ಧದ ಅಮೆರಿಕದ ಜಲಾಂತರ್ಗಾಮಿ ನಾವಿಕರು 1955ರಲ್ಲಿ ಕಟ್ಟಿಕೊಂಡಿದ್ದ ಸಂಘವು, ಸದಸ್ಯರು ತೀರಿಕೊಳ್ಳುತ್ತ ಬಂದು, 2012ರಲ್ಲಿ ತನ್ನನ್ನು ತಾನೇ ವಿಸರ್ಜಿಸಿಕೊಂಡಿತು. ಅನಂತರದ ಪೀಳಿಗೆಯ ನಾವಿಕರು ಗಂಟೆ ಬಾರಿಸುವ ಪದ್ಧತಿಯನ್ನು ಮುಂದುವರಿಸಿದ್ದಾರೆ, ನಿಜ. ಆದರೆ ಬಾಗಿಲ ಬಳಿ ನಿಂತಾಗ ಕೈ ಹೇಗೆ ನಡುಗಿತು, ಕತ್ತಲೆಯಲ್ಲಿ ಯಾರು ಯಾರಿಗೆ ಕಂಬಳಿ ಹೊದಿಸಿದರು ಎಂಬುದನ್ನು ಅವರು ಬದುಕಿದ್ದಾಗಲೇ ಕೇಳಿ ಬರೆದುಕೊಳ್ಳಬೇಕಾಗಿತ್ತು. ಕೇಳಿದವರು ಕೆಲವರೇ.

ಇದು ದೂರದೇಶದ ಸಂಗತಿಯೆಂದು ತೋರಬಹುದು. ಅಮೆರಿಕವು ಆ ಯುದ್ಧದ ಕೊನೆಯಲ್ಲಿ ಕಟ್ಟಿದ ‘ಡಯಾಬ್ಲೊ’ ಎಂಬ ಜಲಾಂತರ್ಗಾಮಿಯು ಮುಂದೆ 1964ರಲ್ಲಿ ಪಾಕಿಸ್ತಾನದ ಕೈಸೇರಿ ‘ಗಾಜಿ’ ಎಂಬ ಹೆಸರು ಪಡೆಯಿತು. 1971ರ ಡಿಸೆಂಬರ್ 3-4ರ ರಾತ್ರಿ ಅದು ನಮ್ಮ ವಿಶಾಖಪಟ್ಟಣದ ಎದುರಿನ ಕಡಲಿನಲ್ಲಿ ಮುಳುಗಿತು; ಒಳಗಿದ್ದ 90ಕ್ಕೂ ಹೆಚ್ಚು ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ನಮ್ಮ ನೌಕೆಯ ಹೊಡೆತದಿಂದ ಮುಳುಗಿತೆಂದು ನಾವು, ಒಳಗಿನ ಅಥವಾ ಅದೇ ಹುದುಗಿಸಿದ ಸ್ಫೋಟಕದಿಂದ ಮುಳುಗಿತೆಂದು ಅವರು ಹೇಳುತ್ತ ಬಂದಿದ್ದೇವೆ. ಭಾರತೀಯ ನೌಕಾಪಡೆಯ ಆಳಕಡಲ ರಕ್ಷಣಾನೌಕೆ ಗಾಜಿಯ ಅವಶೇಷವನ್ನು ಗುರುತಿಸಿದ ಸುದ್ದಿ 2024ರಲ್ಲಿ ಹೊರಬಂದಿತು. ಮಡಿದವರಿಗೆ ಸಲ್ಲಬೇಕಾದ ಗೌರವದಿಂದ ಅದನ್ನು ಮುಟ್ಟದೆ ಬಿಟ್ಟರು. ನಮ್ಮವರ ಈ ನಡತೆಯನ್ನು ಯುದ್ಧದ ಗೆಲುವಿನಷ್ಟೇ ಹೆಮ್ಮೆಯಿಂದ ನಾನು ಎಣಿಸುತ್ತೇನೆ. ನಮ್ಮ ಜಲಾಂತರ್ಗಾಮಿ ನಾವಿಕರೂ ಮಡಿದಿದ್ದಾರೆ: 2013ರ ಆಗಸ್ಟ್ 14ರಂದು ಮುಂಬಯಿಯ ನೌಕಾಂಗಣದಲ್ಲಿ ‘ಸಿಂಧುರಕ್ಷಕ್’ ಸ್ಫೋಟಗೊಂಡು 18 ಮಂದಿ ತೀರಿಕೊಂಡರು. ಯುದ್ಧವಿಲ್ಲದ ಕಾಲದಲ್ಲಿ, ದಡಕ್ಕೆ ಕಟ್ಟಿದ ಹಡಗಿನಲ್ಲಿ ಬಂದ ಸಾವು ಅದು.

ವಿಶಾಖಪಟ್ಟಣದ ಕಡಲತೀರದ ಮರಳಿನ ಮೇಲೆ ‘ಕುರ್ಸುರಾ’ ಎಂಬ ನಮ್ಮ ಜಲಾಂತರ್ಗಾಮಿ ನಿಂತಿದೆ. 1969ರಲ್ಲಿ ನೌಕಾಪಡೆಗೆ ಸೇರಿ, 1971ರ ಯುದ್ಧದಲ್ಲಿ ಗಸ್ತು ತಿರುಗಿ, 2001ರಲ್ಲಿ ನಿವೃತ್ತಿ ಹೊಂದಿದ ಅದು ಮರುವರ್ಷದಿಂದ ಸಾರ್ವಜನಿಕರಿಗೆ ತೆರೆದಿದೆ. ಶಾಲೆಯ ಮಕ್ಕಳು ಸಾಲಾಗಿ, ದುಂಡನೆಯ ಬಾಗಿಲುಗಳಲ್ಲಿ ತಲೆ ಬಗ್ಗಿಸಿ ನುಸುಳುತ್ತ, ಹತ್ತು ನಿಮಿಷದಲ್ಲಿ ಆಚೆ ಬದಿಯಿಂದ ಹೊರಬೀಳುತ್ತಾರೆ. ಒಳಗೆ ವಿವರ ಹೇಳಲು ನೌಕಾಪಡೆಯ ನಿವೃತ್ತ ನಾವಿಕರನ್ನು ನೇಮಿಸಿಕೊಂಡದ್ದುಂಟು. ಟಾರ್ಪೆಡೊಗಳ ಉದ್ದವನ್ನು ಎಲ್ಲರೂ ಕೇಳುತ್ತಾರೆ. ನೀವು ಎಂದಾದರೂ ಅಲ್ಲಿಗೆ ಹೋದರೆ, ಅಲ್ಲಿನ ಹಿರಿಯರೊಬ್ಬರನ್ನು ಬೇರೆ ಒಂದು ಪ್ರಶ್ನೆ ಕೇಳಿ ನೋಡಿ: ತಮ್ಮ ಕೆಲಸ ಯಾವುದಾಗಿತ್ತು, ತಾವು ಮಲಗುತ್ತಿದ್ದ ಜಾಗ ಯಾವುದು, ಪಕ್ಕದಲ್ಲಿ ಮಲಗುತ್ತಿದ್ದವರ ಹೆಸರೇನು?